ಕೇಳದೆ ಕೊಟ್ಟ ಹೊಳಪು

ಸಿಟ್ಟು ಬಂದರೆ ಪುಟ್ಟಿಗೆ ಮಾತು ಬರುತ್ತಿರಲಿಲ್ಲ, ಅಳು ಬರುತ್ತಿತ್ತು. ಬೇರೆಯವರು ಸಿಟ್ಟಾದರೆ ತಟ್ಟೆ ಬಿಸಾಡುತ್ತಾರೆ, ಬಾಗಿಲು ಬಡಿಯುತ್ತಾರೆ, ಎದುರಿಗಿದ್ದವರ ಏಳು ತಲೆಮಾರನ್ನು ಎಳೆದು ತರುತ್ತಾರೆ. ಇವಳಿಗೆ ಗಂಟಲು ಕಟ್ಟುತ್ತಿತ್ತು, ಮೂಗು ಕೆಂಪಾಗುತ್ತಿತ್ತು, ಆಮೇಲೆ ಕಣ್ಣೀರು. ನೋಡಿದವರು ಅದನ್ನು ದುಃಖವೆಂದುಕೊಂಡು ಬೆನ್ನು ಸವರುತ್ತಿದ್ದರು. ಬೆನ್ನು ಸವರಿದಷ್ಟೂ ಒಳಗಿನ ಬೆಂಕಿಗೆ ತುಪ್ಪ ಸುರಿದ ಹಾಗಾಗಿ ಅಳು ಇನ್ನೂ ಜಾಸ್ತಿಯಾಗುತ್ತಿತ್ತು. ಹೀಗಾಗಿ ನಲವತ್ತು ದಾಟುವ ಹೊತ್ತಿಗೆ ಮನೆಯಲ್ಲೂ ಬೀದಿಯಲ್ಲೂ ಅವಳಿಗೊಂದು ಹೆಸರು ನಿಂತುಬಿಟ್ಟಿತ್ತು: ಪುಟ್ಟಿ ಬಲು ಸಾಧು, ಅವಳಿಗೆ ಸಿಟ್ಟೇ ಬರುವುದಿಲ್ಲ.

ಆ ಹೆಸರನ್ನು ಊರೆಲ್ಲ ಹಂಚಿದವನು ಅವಳ ಅಣ್ಣ. ಅಣ್ಣನದು ಪಾಲಿಶ್ ಕೆಲಸ. ಮನೆಯ ಕೆಳಗಿನ ಅಂತಸ್ತೇ ಕಾರ್ಖಾನೆ. ನಲ್ಲಿ, ಬಾಗಿಲ ಹಿಡಿ, ಮೆಟ್ಟಿಲ ಕಂಬಿ, ಸ್ಕೂಟರಿನ ಕನ್ನಡಿಯ ಚೌಕಟ್ಟು, ಏನು ತಂದುಕೊಟ್ಟರೂ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು, ನೋಡಿದವರ ಮುಖ ಅದರಲ್ಲಿ ಕಾಣುವ ತನಕ ಬಿಡುತ್ತಿರಲಿಲ್ಲ. ಬೀದಿಯವರು ಅವನನ್ನು ಪಾಲಿಶಣ್ಣ ಎಂದೇ ಕರೆಯುತ್ತಿದ್ದರು. ಗೀರು ಕಂಡರೆ ಅವನಿಗೆ ತಡೆಯದು. ಬೇರೆಯವರ ಮನೆಗೆ ಊಟಕ್ಕೆ ಹೋದರೂ ಚಮಚದ ಗೀರು ನೋಡಿ, "ಇದನ್ನ ಕಳಿಸಿಕೊಡಿ, ಒಂದು ಕೈ ಹಾಕಿಕೊಡ್ತೀನಿ" ಎನ್ನುತ್ತಿದ್ದ. ಒಳ್ಳೆಯವನು. ಅವನನ್ನು ಒಳ್ಳೆಯವನಲ್ಲ ಎನ್ನುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ಪುಟ್ಟಿಯೂ ಎನ್ನುತ್ತಿರಲಿಲ್ಲ. ಕಷ್ಟವಿದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಜಗಳ ಎಷ್ಟು ಸುಲಭವಾಗುತ್ತಿತ್ತು!

ಮೇಲಂತಸ್ತಿನ ಹಿಂದಿನ ಕೋಣೆ ಪುಟ್ಟಿಯದು. ಅವಳದು ಎಂದು ಹೇಳುವುದಷ್ಟೇ. ಒಂದು ಸಂಜೆ ಕೆಲಸದಿಂದ ಬಂದಾಗ ಗೋಡೆಗೆ ತಿಳಿಹಸಿರು ಬಣ್ಣ ಬಂದಿತ್ತು. ಅವಳಿಗೆ ಇಷ್ಟವಾಗಿದ್ದ ಮಂಕು ನೀಲಿ ಮಾಯ. ಇನ್ನೊಮ್ಮೆ ಕಾಲೇಜಿನ ಕಾಲದಿಂದ ಇಟ್ಟುಕೊಂಡಿದ್ದ ಮರದ ಮೇಜು ಹೋಗಿ ಆ ಜಾಗದಲ್ಲಿ ಗಾಜಿನ ಮೇಜು ಕುಳಿತಿತ್ತು. "ಎಷ್ಟು ದಿನಾ ಅಂತ ಆ ಕುಂಟು ಮೇಜಲ್ಲಿ ಬರೀತೀಯ?" ಎಂದು ಅಣ್ಣ ಎದೆಯುಬ್ಬಿಸಿ ನಿಂತಿದ್ದ. ಅವಳು ಅತ್ತಳು. ಅತ್ತಿಗೆ, "ಅಯ್ಯೋ, ಇಷ್ಟಕ್ಕೆಲ್ಲಾ ಯಾಕಮ್ಮಾ, ನಾವೇನು ಹೊರಗಿನವರಾ" ಎಂದು ತಲೆ ನೇವರಿಸಿದಳು.

ಪುಟ್ಟಿಗೆ ಹಲ್ಲಿನ ಲ್ಯಾಬಿನಲ್ಲಿ ಕೆಲಸ. ದಂತವೈದ್ಯರು ಅಚ್ಚು ಕಳಿಸುತ್ತಾರೆ, ಇವಳು ಅದಕ್ಕೆ ಸರಿಯಾಗಿ ಪಿಂಗಾಣಿಯ ಹಲ್ಲು ಕಟ್ಟುತ್ತಾಳೆ. ಬಣ್ಣ ಹೊಂದಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಬೆಳ್ಳಗೆ ಹೊಳೆಯುವ ಹಲ್ಲು ಮಾಡುವುದು ಯಾರಿಗಾದರೂ ಬರುತ್ತದೆ, ಅದನ್ನು ಬಾಯಲ್ಲಿಟ್ಟರೆ ಸುಳ್ಳು ಎಂದು ಬೀದಿಯ ಆಚೆಯಿಂದಲೇ ಗೊತ್ತಾಗುತ್ತದೆ. ಪಕ್ಕದ ಹಲ್ಲಿನ ಹಳದಿ, ಅಂಚಿನ ಸವಕಲು, ಕೂದಲೆಳೆಯಂಥ ಬಿರುಕು, ಚಹಾ ಕುಡಿದ ವರ್ಷಗಳ ಕಲೆ, ಇವನ್ನೆಲ್ಲ ಸಣ್ಣ ಕುಂಚದಲ್ಲಿ ಬರೆದರೇ ಅದು ಆ ಮನುಷ್ಯನ ಹಲ್ಲಾಗುವುದು. ಒಂದು ಹಲ್ಲಿನ ಸವೆತ ನೋಡಿ ಇವರು ಯಾವ ಕಡೆ ಅಗಿಯುತ್ತಾರೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೋ ಇಲ್ಲವೋ ಎಂದು ಅವಳು ಹೇಳಬಲ್ಲಳು. ಹೇಳಿದ ಮೇಲೂ, ಸರಿಯಿದೆಯೋ ಇಲ್ಲವೋ ಎಂದು ಇನ್ನೆರಡು ಸಲ ನೋಡುವಳು. ಅದು ಅವಳ ಸ್ವಭಾವ.

ವಾಚಿನ ಹುಚ್ಚು ಹತ್ತಿದ್ದು ಆಕಸ್ಮಿಕವಾಗಿ. ಕೈಗಡಿಯಾರದ ಬ್ಯಾಟರಿ ಹಾಕಿಸಲು ಲ್ಯಾಬಿನ ಹಿಂದಿನ ಬೀದಿಯ ರಿಪೇರಿ ಅಂಗಡಿಗೆ ಹೋಗಿದ್ದಳು. ರಿಪೇರಿಯವರು ಒಂದು ಹಳೆಯ ವಾಚಿನ ಬೆನ್ನು ಬಿಚ್ಚಿ ಕುಳಿತಿದ್ದರು. ಒಳಗೆ ಅರ್ಧಚಂದ್ರದ ಹಾಗಿನ ಒಂದು ತೂಕ, ವಾಚನ್ನು ಈಚೆಗೆ ವಾಲಿಸಿದರೆ ಈಚೆ, ಆಚೆಗೆ ವಾಲಿಸಿದರೆ ಆಚೆ, ಸದ್ದಿಲ್ಲದೆ ತೂಗುತ್ತಿತ್ತು.

"ಇದೇನಿದು?" ಎಂದಳು.

"ಆಟೊಮ್ಯಾಟಿಕ್ಕು ಮೇಡಂ. ಬ್ಯಾಟರಿ ಇಲ್ಲ, ದಿನಾ ಕೀ ಕೊಡೋ ತಾಪತ್ರಯವೂ ಇಲ್ಲ. ಕೈ ಆಡಿದ ಹಾಗೆ ಇದು ತೂಗುತ್ತೆ, ತೂಗಿದ ಹಾಗೆ ಒಳಗೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತೆ. ನೀವು ಓಡಾಡ್ತಿದ್ರೆ ಇದೂ ಓಡುತ್ತೆ, ಬಿಚ್ಚಿಟ್ಟು ಮಲಗಿದ್ರೆ ಇದೂ ಮಲಗುತ್ತೆ."

ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಅವಳ ಕೆಲಸದ್ದೂ ಹೌದಾದ್ದರಿಂದ, ಕೇಳಿ ತೆಗೆದುಕೊಂಡು ನೋಡಿದಳು. ನೋಡಿ, ಮನೆಗೆ ಹೋದಳು. ಮರುವಾರ ಮತ್ತೆ ಬಂದಳು. ಸಂಜೆ ಸಂಜೆ ಫೋನಿನಲ್ಲಿ ವಾಚು ಕೂಡಿಡುವವರ ಬರಹಗಳನ್ನು ಹುಡುಕಿ ಓದತೊಡಗಿದಳು. ಪರೀಕ್ಷೆಗೆ ಓದುವವಳ ಹಾಗೆ ಓದಿದಳು. ಅವರೆಲ್ಲರೂ ಒಂದು ಮಾತನ್ನು ಮಾತ್ರ ಒಂದೇ ಬಾಯಿಂದ ಹೇಳುತ್ತಿದ್ದರು: ಹಳೆಯ ವಾಚು ಕೊಂಡರೆ ಅದರ ಕವಚಕ್ಕೆ ಪಾಲಿಶ್ ಹಿಡಿಸಬೇಡಿ, ಡಯಲಿಗೆ ಹೊಸ ಬಣ್ಣ ಹಾಕಿಸಬೇಡಿ. ಅಂಚು ಒಮ್ಮೆ ಸವೆದರೆ ಮತ್ತೆ ಹುಟ್ಟುವುದಿಲ್ಲ. ಪುಟ್ಟಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಲ್ಲಿಗೂ ಅದೇ ನ್ಯಾಯ.

ಕೊನೆಗೆ ಅವಳು ಕೊಂಡ ವಾಚು ಅಂಗಡಿಯ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದುದು. ಹುಟ್ಟುವಾಗ ಡಯಲು ಬಿಳಿಯಿದ್ದಿರಬೇಕು. ಈಗ ಅದು ಲ್ಯಾಬಿನ ಬಣ್ಣದ ಮಾದರಿಯಲ್ಲಿ ಎ-ಮೂರೂವರೆ, ವಯಸ್ಸಾದ ಹಲ್ಲಿನ ಹಳದಿ. ಅಂಚಿನ ಕಡೆಗೆ ಇನ್ನೂ ಕಂದು, ನಡುವೆ ಕೆನೆ. ಅಂಥ ಬಣ್ಣವನ್ನು ಕುಂಚದಲ್ಲಿ ತರಲು ಅವಳಿಗೆ ಅರ್ಧ ದಿನ ಹಿಡಿಯುತ್ತದೆ, ಇಲ್ಲಿ ಕಾಲ ತಾನಾಗಿ ತಂದಿತ್ತು. ಕವಚದ ಗೀರುಗಳೆಲ್ಲ ಒಂಬತ್ತು ಗಂಟೆಯ ಕಡೆಗೇ ಇದ್ದವು. ಎಡಗೈಗೆ ಕಟ್ಟಿದರೆ ಆ ಬದಿ ಮೊಣಕೈ ಕಡೆಗಿರುತ್ತದೆ, ಅಷ್ಟು ಪೆಟ್ಟು ತಿನ್ನುವುದಿಲ್ಲ. ಅಂದರೆ ಹಿಂದಿನವರು ಇದನ್ನು ಬಲಗೈಗೆ ಕಟ್ಟುತ್ತಿದ್ದರು. ಎಡಚರು! ಪುಟ್ಟಿಯೂ ಎಡಚಿ. ಊಟಕ್ಕೆ ಕೂತಾಗ ಎಡಗೈ ಮುಂದೆ ಬಂದಿತೆಂದು ಎಷ್ಟು ಸಲ ಏಟು ತಿಂದಿದ್ದಳೋ. ಹೆಸರಿಲ್ಲದ, ಮುಖವಿಲ್ಲದ ಯಾರೋ ಒಬ್ಬರು ಬಲಗೈಯನ್ನು ಮೇಜಿಗೆ, ಬಾಗಿಲಿಗೆ, ಗೋಡೆಗೆ ತಾಗಿಸುತ್ತ ಬದುಕಿದ್ದರು. ಆ ಬದುಕು ಇಲ್ಲಿ ಗೀರಾಗಿ ಕೂತಿತ್ತು. ಅವಳು ಅದನ್ನು ಬಲಗೈಗೆ ಕಟ್ಟಿಕೊಂಡು, ಕನ್ನಡಿಯ ಮುಂದೆ ನಿಂತು, ಯಾರಾದರೂ ನೋಡಿಯಾರು ಎಂದು ಬಾಗಿಲ ಕಡೆ ನೋಡಿ, ನಕ್ಕಳು.

ಮನೆಯಲ್ಲಿ ಯಾರೂ ಮೆಚ್ಚಲಿಲ್ಲ, ಮೆಚ್ಚಲಿ ಎಂದು ಅವಳು ತೋರಿಸಲೂ ಇಲ್ಲ. ಅತ್ತಿಗೆಯೇ ಮೊದಲು ಕಂಡಳು. "ಇದೇನೇ, ಗಡಿಯಾರಾನಾ, ಗಡಿಯಾರದ ಅಜ್ಜಿನಾ?"

ಅಣ್ಣ ಅವಳ ಮಣಿಕಟ್ಟನ್ನು ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದ. "ಛೇ ಛೇ ಛೇ. ಮುಖವೆಲ್ಲಾ ಮಂಗು ಹಿಡಿದಿದೆ. ಬಿಚ್ಚಿಕೊಡು, ಹತ್ತು ನಿಮಿಷದ ಕೆಲಸ."

"ಬೇಡ ಅಣ್ಣ. ಹೀಗೇ ಇರಲಿ."

"ಹೀಗೇ ಇರಲಿ ಅಂದ್ರೆ? ಪಾಲಿಶಣ್ಣನ ತಂಗಿ ಇದನ್ನ ಕಟ್ಟಿಕೊಂಡು ಓಡಾಡಿದ್ರೆ ನನ್ನ ಮರ್ಯಾದೆ ಏನಾಗಬೇಕು?" ಎಂದು ಜೋರಾಗಿ ನಕ್ಕ. ಅವಳೂ ನಕ್ಕಳು. ಆಗ ನಗಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಕೆಲವು ತಿಂಗಳು ವಾಚು ಚೆನ್ನಾಗಿ ಓಡಿತು, ಆಮೇಲೆ ಹಿಂದೆ ಬೀಳತೊಡಗಿತು. ಒಳಗೆ ಎಣ್ಣೆ ಒಣಗಿದೆ, ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು ಎಂದರು ರಿಪೇರಿಯವರು. ಕೊಡುವಾಗ ಪುಟ್ಟಿ ಹೇಳಿದಳು: "ಒಳಗಿನದು ಮಾತ್ರ ನೋಡಿ. ಡಯಲ್ ಮುಟ್ಟಬೇಡಿ, ಹೊರಗೆ ಪಾಲಿಶ್ ಬೇಡ." ಬಾಗಿಲ ತನಕ ಹೋದವಳು ತಿರುಗಿ ಬಂದು ಅದನ್ನೇ ಇನ್ನೊಮ್ಮೆ ಹೇಳಿದಳು. ಅವರು ನಕ್ಕು, "ಆಯ್ತು ಮೇಡಂ, ನಿಮ್ಮ ವಾಚು, ನೀವು ಹೇಳಿದ ಹಾಗೆ" ಎಂದರು. ದಾರಿಯಲ್ಲಿ, ಅಷ್ಟು ಸಲ ಹೇಳಿ ಅವರಿಗೆ ಬೇಸರ ಮಾಡಿದೆನೇನೋ ಎಂದು ಅವಳಿಗೆ ಪೇಚಾಟವಾಯಿತು.

ವಾಚು ಬರುವುದು ತಡವಾಯಿತು. ಬಿಡಿಭಾಗ ಬರಬೇಕು ಎಂದರು, ಇನ್ನೊಂದು ವಾರ ಎಂದರು. ಅವಳು ನಂಬಿದಳು.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅಣ್ಣ, "ಪುಟ್ಟೀ, ಕಣ್ಣು ಮುಚ್ಚು" ಎಂದ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಪುಟ್ಟಿ ಕಣ್ಣು ಮುಚ್ಚಿದಳು. ಕೈಯಲ್ಲಿ ತಣ್ಣನೆಯದೇನೋ ಬಿತ್ತು.

ಕಣ್ಣು ಬಿಟ್ಟರೆ, ಬೆಳಕು ಕುಕ್ಕಿತು.

ವಾಚು ಕನ್ನಡಿಯಾಗಿತ್ತು. ಕವಚದ ಅಂಚುಗಳೆಲ್ಲ ಕರಗಿ ಚೀಪಿದ ಪೆಪ್ಪರಮಿಂಟಿನ ಹಾಗೆ ದುಂಡಗಾಗಿದ್ದವು. ಒಂಬತ್ತು ಗಂಟೆಯ ಕಡೆಯ ಗೀರು ಒಂದೂ ಇಲ್ಲ. ಡಯಲು ಬೆಳ್ಳಗಿತ್ತು, ಹೊಸ ಕಕ್ಕಸಿನ ಗೋಡೆಯ ಬಿಳಿ. ನಿಮಿಷದ ಗೆರೆಗಳನ್ನು ಹೊಸದಾಗಿ ಬರೆದಿದ್ದರು, ದಪ್ಪವಾಗಿ, ಎದ್ದು ಕಾಣುವ ಹಾಗೆ; ಒಂದು ಗೆರೆ ನಾಲ್ಕು ಗಂಟೆಯ ಗುರುತಿಗೆ ಸರಿಯಾಗಿ ಕೂಡದೆ ಪಕ್ಕಕ್ಕೆ ಸರಿದಿತ್ತು. ಅವಳ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.

"ಹೇಗಿದೆ?" ಎಂದ ಅಣ್ಣ. "ರಿಪೇರಿ ಅಂಗಡಿ ಮುಂದೆ ಹೋಗ್ತಿದ್ದೆ, ನಿನ್ನ ವಾಚು ಬಿಚ್ಚಿಟ್ಟಿದ್ರು. ಹೀಗೇ ವಾಪಸ್ ಕೊಡ್ತೀರೇನ್ರೀ ಅಂತ ಬಯ್ದೆ. ಡಯಲಿಗೆ ಹೊಸ ಬಣ್ಣ ಅಲ್ಲೇ ಹಾಕಿಸಿದೆ. ಬಾಡಿ ಮಾತ್ರ ಯಾರ ಕೈಗೂ ಕೊಡಲಿಲ್ಲ. ನಾನೇ ಕೂತು ಮಾಡ್ದೆ. ಮೊದಲು ಒರಟು ಚಕ್ರ, ಆಮೇಲೆ ನಯದ ಚಕ್ರ, ಕೊನೆಗೆ ಬರಿ ಬಟ್ಟೆ. ನೋಡು, ನಿನ್ನ ಮುಖ ಕಾಣುತ್ತೆ!"

ಕಾಣುತ್ತಿತ್ತು. ಸೊಟ್ಟಗೆ, ಮೂಗು ಕೆಂಪಾದ ಮುಖ.

ಏನು ಮಾಡಿದೆ ನೀನು, ಯಾರನ್ನು ಕೇಳಿ ಮಾಡಿದೆ, ಎಂದು ಅವಳು ಕೂಗಬೇಕೆಂದಿದ್ದಳು. ಬಾಯಿ ತೆರೆದಳು. ಕಣ್ಣೀರು ಗಲ್ಲದ ಮೇಲೆ ಇಳಿದು ಆ ಕನ್ನಡಿಯ ಮೇಲೆ ಬಿತ್ತು.

"ನೋಡಿದ್ಯಾ, ನೋಡಿದ್ಯಾ!" ಅಣ್ಣ ಹೆಂಡತಿಯ ಕಡೆ ತಿರುಗಿದ, ಅವನ ಕಣ್ಣೂ ತುಂಬಿತ್ತು. "ನಾ ಹೇಳಲಿಲ್ವಾ? ಖುಷಿಗೆ ಅವಳಿಗೆ ಮಾತೇ ಹೊರಡ್ತಿಲ್ಲ."

"ಅಳಬೇಡ ಕಣೇ ಪುಟ್ಟೀ," ಎಂದು ಅತ್ತಿಗೆ ಬೆನ್ನು ಸವರಿದಳು.

ಪುಟ್ಟಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆಯ ಹೊತ್ತಿಗೆ ಬೀದಿಯ ನಾಲ್ಕು ಮನೆಗೆ ಸುದ್ದಿ ಮುಟ್ಟಿತ್ತು: ಪಾಲಿಶಣ್ಣ ತಂಗಿಯ ವಾಚಿಗೆ ಮರುಜನ್ಮ ಕೊಟ್ಟ, ಆ ಹುಡುಗಿ ಸಂತೋಷಕ್ಕೆ ಅತ್ತೇಬಿಟ್ಟಿತು.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲೇ ಅವಳು ಅಲ್ಲಿ ನಿಂತಿದ್ದಳು. ರಿಪೇರಿಯವರಿಗೆ ಅವಳ ಮುಖ ನೋಡಿಯೇ ಏನೋ ಅಂದಾಜಾಯಿತು. ಬೀಗದ ಕೈ ಹುಡುಕುವ ನೆಪದಲ್ಲಿ ಜೇಬು ತಡಕಿದರು.

"ನಾನೇನು ಹೇಳಿದ್ದೆ ನಿಮಗೆ?" ಎಂದಳು. ದಾರಿಯುದ್ದಕ್ಕೂ ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಹಾಗಾಗಿ ಅದೊಂದು ಸರಿಯಾಗಿ ಹೊರಬಂತು.

"ಡಯಲ್ ಮುಟ್ಟಬೇಡಿ ಅಂದಿದ್ರಿ, ಮೇಡಂ. ನೆನಪಿದೆ. ಆದ್ರೆ ನಿಮ್ಮಣ್ಣನೇ ಬಂದು ಹೇಳಿದ ಮೇಲೆ..."

"ವಾಚು ಯಾರದು?"

"ನಿಮ್ಮದೇ. ಆದ್ರೂ ಮನೆ ಯಜಮಾನರು..."

"ವಾಚು ಕೊಟ್ಟವಳು ನಾನು. ಕೈಗೆ ಕಟ್ಟೋಳು ನಾನು. ನನಗೊಂದು ಫೋನ್ ಮಾಡೋಕೆ ಏನಾಗಿತ್ತು? ವಾರಗಟ್ಟಲೆ ಬಿಡಿಭಾಗ, ಬಿಡಿಭಾಗ ಅಂತ ಸುಳ್ಳು ಹೇಳಿದ್ರಲ್ಲ!"

"ಅದೂ ಅವರೇ ಹೇಳಿಕೊಟ್ಟಿದ್ದು. ತಂಗಿಗೆ ಗೊತ್ತಾಗಬಾರದು ಅಂತ. ಪ್ರೀತಿಯಿಂದ ಮಾಡಿಸ್ತಿದಾರಲ್ಲ ಅಂತ ನಾನೂ... ನನಗೂ ತಂಗಿ ಇದಾಳೆ ಮೇಡಂ."

"ನಿಮ್ಮ ತಂಗಿ ವಾಚಿಗೂ ಹೀಗೇ ಮಾಡ್ತೀರಾ?"

ಅವರು ಬಗ್ಗಿ ಶಟರಿನ ಬೀಗಕ್ಕೆ ಕೈಹಾಕಿದರು. ಅವಳಿಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿತ್ತು. ಅದನ್ನು ಕೇಳಲು ಹೆದರಿಕೆಯಾಗಿ ಇಷ್ಟು ಹೊತ್ತು ಜಗಳವಾಡುತ್ತಿದ್ದಳು. "ಹಳೇ ಡಯಲ್... ಅದನ್ನ ತೆಗೆದಿಟ್ಟು ಬೇರೆ ತಗಡಿಗೆ ಬರೆದ್ರೋ, ಇಲ್ಲಾ..."

"ಬೇರೆ ತಗಡು ಎಲ್ಲಿಂದ ಬರುತ್ತೆ? ಅದನ್ನೇ ಕೆರೆದು, ಅದರ ಮೇಲೇ ಬರೆಯೋದು."

ಕೆರೆದು. ಎಷ್ಟು ವರ್ಷ ಹಿಡಿದಿತ್ತೋ ಆ ಕೆನೆಬಣ್ಣ ಬರಲು. ಒಂದು ಬ್ಲೇಡು, ಒಂದು ಮಧ್ಯಾಹ್ನ. ಅವಳ ಕಣ್ಣಲ್ಲಿ ನೀರು ಉಕ್ಕಿತು. ಅದನ್ನು ನೋಡಿದ ತಕ್ಷಣ ರಿಪೇರಿಯವರ ಮುಖ ಮೆತ್ತಗಾಯಿತು, ಧ್ವನಿ ಧೈರ್ಯ ತಂದುಕೊಂಡಿತು. "ಅಳಬೇಡಿ ಮೇಡಂ. ನಿಜ ಹೇಳ್ಲಾ, ಈಗಲೇ ಚೆನ್ನಾಗಿ ಕಾಣ್ತಿದೆ."

ಅಲ್ಲಿಂದ ಹೇಗೆ ಲ್ಯಾಬಿಗೆ ನಡೆದಳೋ ಅವಳಿಗೇ ಗೊತ್ತಿಲ್ಲ. ಕೂತು ಕೆಲಸಕ್ಕೆ ಕೈಹಾಕಿದಳು. ಮುಂದಿನ ಹಲ್ಲೊಂದರ ಅಂಚನ್ನು ಉಜ್ಜುತ್ತ ಉಜ್ಜುತ್ತ ಬೇಕಾದ್ದಕ್ಕಿಂತ ಜಾಸ್ತಿ ಉಜ್ಜಿ ಹಾಳುಮಾಡಿದಳು. ಪಕ್ಕದ ಮೇಜಿನಲ್ಲಿ ಮೇಣದ ಅಚ್ಚು ಮಾಡುವ ಹಿರಿಯಳು, ಲ್ಯಾಬಿನವರೆಲ್ಲ ಮೇಣದಕ್ಕ ಎಂದು ಕರೆಯುವವಳು, ದೀಪದ ಉರಿ ತಗ್ಗಿಸಿ ಇತ್ತ ತಿರುಗಿದಳು.

"ಯಾರ ಮೇಲಿನ ಸಿಟ್ಟನ್ನ ಆ ಬಡಪಾಯಿ ಹಲ್ಲಿನ ಮೇಲೆ ತೀರಿಸ್ತಿದೀಯ?"

ಸಿಟ್ಟು ಎಂದಳು, ದುಃಖ ಎನ್ನಲಿಲ್ಲ. ಅಷ್ಟು ಸಾಕಾಯಿತು. ಪುಟ್ಟಿ ಎಲ್ಲವನ್ನೂ ಹೇಳಿದಳು. ವಾಚನ್ನು ತೆಗೆದು ತೋರಿಸಿದಳು. ಮೇಣದಕ್ಕ ಅದನ್ನು ತಿರುಗಿಸಿ ನೋಡಿ, "ಥೂ! ಮದುವೆ ಮನೇಲಿ ಮುದುಕನಿಗೆ ಪೌಡರ್ ಬಳಿದ ಹಾಗಿದೆ" ಎಂದಳು.

ಪುಟ್ಟಿಗೆ ಅಳುವಿನ ನಡುವೆ ನಗು ಬಂತು.

"ಅಣ್ಣನಿಗೆ ಹೇಳಿದ್ಯಾ?"

"ಹೇಳೋಕೆ ಹೋದ್ರೆ ಅಳು ಬರುತ್ತೆ ಅಕ್ಕಾ. ಅತ್ತ ಕೂಡ್ಲೇ ಅವನು ಸಮಾಧಾನ ಮಾಡೋಕೆ ಶುರುಮಾಡ್ತಾನೆ. ಅವನೇ ಹೊಡೆದು ಅವನೇ ಎಣ್ಣೆ ಹಚ್ಚಿದ ಹಾಗೆ."

"ಅಳು ನಿಲ್ಲಿಸಿ ಆಮೇಲೆ ಬಯ್ಯೋಣ ಅಂತ ಕಾಯ್ತಾ ಕೂತ್ರೆ ಈ ಜನ್ಮದಲ್ಲಿ ಆಗಲ್ಲ. ಅಳ್ತಾ ಅಳ್ತಾನೇ ಬಯ್ಯಿ. ಎರಡೂ ಒಟ್ಟಿಗೆ ಆಗಬಾರದು ಅಂತ ಯಾರು ಹೇಳಿದ್ರು? ನನ್ನ ಗಂಡನಿಗೆ ನಾನು ಬಿಕ್ಕಳಿಸ್ತಾನೂ ಬಯ್ದಿದೀನಿ." ಮೇಣದಕ್ಕ ದೀಪದ ಉರಿ ಏರಿಸಿದಳು. "ಆದ್ರೆ ಬೆನ್ನು ಮುಟ್ಟೋಕೆ ಬಿಡಬೇಡ. ಬೆನ್ನು ಸವರಿಸಿಕೊಂಡವರ ಮಾತು ಅಲ್ಲಿಗೇ ಮುಗೀತು."

ಸಂಜೆ ಪುಟ್ಟಿ ನೇರವಾಗಿ ಮೆಟ್ಟಿಲು ಹತ್ತಲಿಲ್ಲ. ಕೆಳಗಿನ ಬಾಗಿಲಿನಿಂದ ಕಾರ್ಖಾನೆಯೊಳಕ್ಕೆ ಹೋದಳು. ಪಾಲಿಶಿನ ಬಟ್ಟೆಯ ಚಕ್ರ ಭರ್ರೆಂದು ತಿರುಗುತ್ತಿತ್ತು. ಅಣ್ಣ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಂದು ನಲ್ಲಿಯನ್ನು ಚಕ್ರಕ್ಕೆ ಒತ್ತಿ ಹಿಡಿದಿದ್ದ. ಗೋಡೆ, ಕಿಟಕಿ, ಅವನ ಹುಬ್ಬು, ಎಲ್ಲದರ ಮೇಲೂ ಕಪ್ಪು ಧೂಳು ಕೂತಿತ್ತು. ಅವನ ಕೈಯಲ್ಲಿನ ನಲ್ಲಿ ಮಾತ್ರ ಬೆಳಗುತ್ತಿತ್ತು.

"ಮೆಷಿನ್ ನಿಲ್ಲಿಸು," ಎಂದಳು.

ಅವನಿಗೆ ಕೇಳಿಸಲಿಲ್ಲ. ಅವಳೇ ಗೋಡೆಯ ಬಳಿ ಹೋಗಿ ಸ್ವಿಚ್ ಆರಿಸಿದಳು. ಚಕ್ರ ಗೊಣಗುತ್ತ ನಿಂತಿತು. ಅಣ್ಣ ಬೆರಗಾಗಿ ಮುಖದ ಬಟ್ಟೆ ಕೆಳಗೆಳೆದ.

"ಏನೇ? ಕರೆಂಟು ಹೋಯ್ತೇನೋ ಅಂದ್ಕೊಂಡೆ."

"ನನ್ನ ವಾಚು ಹಾಳು ಮಾಡ್ದೆ ನೀನು."

"ಏನು?"

"ಹಾಳು ಮಾಡ್ದೆ. ಕೆಡಿಸ್ದೆ. ನಾನು ನಿನ್ನೆ ಅತ್ತಿದ್ದು ಖುಷಿಗಲ್ಲ, ಸಿಟ್ಟಿಗೆ. ಹೊಟ್ಟೆ ಉರಿದು ಅತ್ತೆ!" ಆಗಲೇ ಕಣ್ಣೀರು ಇಳಿಯುತ್ತಿತ್ತು. ಇಳಿಯಲಿ ಎಂದು ಬಿಟ್ಟಳು.

ಅಣ್ಣ ಕೈಯ ನಲ್ಲಿಯನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದ. "ಅಯ್ಯೋ, ಅಳಬೇಡ ಪುಟ್ಟೀ, ಬಾ ಇಲ್ಲಿ."

"ಮುಟ್ಟಬೇಡ!"

ಅವನು ನಿಂತ. ಕಪ್ಪಾದ ಕೈ ಗಾಳಿಯಲ್ಲೇ ಉಳಿಯಿತು.

"ಬೇಡ ಅಂದಿದ್ದೆ ನಿನಗೆ. ದೀಪದ ಕೆಳಗೆ ಹಿಡ್ಕೊಂಡು ನೋಡ್ದಾಗ ಬೇಡ ಅಂದೆ. ಅಂಗಡಿಯವರಿಗೂ ಬೇಡ ಅಂದಿದ್ದೆ. ನಾನು ಬೇಡ ಅಂದಿದ್ದು ಯಾರ ಕಿವಿಗೂ ಬೀಳಲ್ವಾ ಈ ಊರಲ್ಲಿ?"

"ಅಲ್ಲ ಕಣೇ, ನೀನು ಸಂಕೋಚಕ್ಕೆ ಬೇಡ ಅಂತೀಯ ಅಂತ..."

"ನಾನು ಸಂಕೋಚಕ್ಕೆ ಹೂಂ ಅಂತೀನಿ, ಅಣ್ಣ. ಬೇಡ ಅಂದ್ರೆ ಬೇಡಾನೇ. ಗೋಡೆಗೆ ಬಣ್ಣ ಬಳಿದಾಗ ಕೇಳಿದ್ಯಾ? ನನ್ನ ಮೇಜು ಸಾಗಿಸಿದಾಗ ಕೇಳಿದ್ಯಾ?"

"ಆ ಮೇಜಿಗೆ ಕಾಲೇ ಸರಿ ಇರಲಿಲ್ಲ!"

"ನನ್ನ ಮೇಜಿನ ಕಾಲು! ಕುಂಟಲಿ! ನಿನಗೇನು?"

ಮೇಲಿನಿಂದ ಅತ್ತಿಗೆ ಓಡಿ ಬಂದು ಬಾಗಿಲಲ್ಲಿ ನಿಂತಿದ್ದಳು. "ಏನಾಯ್ತು? ಬೀದಿಗೆಲ್ಲಾ ಕೇಳಿಸ್ತಿದೆ."

"ಕೇಳಿಸಲಿ ಅತ್ತಿಗೆ. ನಾನು ಖುಷಿಗೆ ಅತ್ತೆ ಅಂತ ಬೀದಿಗೆಲ್ಲಾ ಹೇಳಿದ್ರಲ್ಲ, ಇದೂ ಕೇಳಿಸಲಿ."

ಈಗ ಅಣ್ಣನ ಮುಖವೂ ಕೆಂಪಾಯಿತು. ಪೆಟ್ಟು ಬಿದ್ದದ್ದು ಅವನ ಕೈಗೆಲಸಕ್ಕೆ. "ಹಾಳು ಅಂತೀಯಲ್ಲ, ಎಲ್ಲಿ ಹಾಳಾಗಿದೆ ತೋರಿಸು. ಒಂದು ಅಲೆ ಇದೆಯಾ ಅದರಲ್ಲಿ? ಒಂದು ಮಬ್ಬು? ಅಷ್ಟು ಸಣ್ಣದನ್ನ ಚಕ್ರಕ್ಕೆ ಹಿಡಿಯೋದು ಅಂದ್ರೇನು ಅಂತ ಗೊತ್ತಾ ನಿನಗೆ? ಬೆರಳ ತುದಿ ಸುಟ್ಟುಕೊಂಡಿದೀನಿ ನೋಡು. ಗಿರಾಕಿ ಕೆಲಸ ಪಕ್ಕಕ್ಕಿಟ್ಟು ಮಾಡಿದೀನಿ. ಇದಕ್ಕಿಂತ ಚೆನ್ನಾಗಿ ಈ ಕೈಯಲ್ಲಿ ಇಷ್ಟು ವರ್ಷದಲ್ಲಿ ಏನನ್ನೂ ಮಾಡಿಲ್ಲ!"

ನಿಜ. ಕೆಲಸ ಬಲ್ಲವಳಾದ್ದರಿಂದ ಅದು ಅವಳಿಗೆ ನಿನ್ನೆಯೇ ಕಂಡಿತ್ತು. ಅಷ್ಟು ಸಮನಾದ ಹೊಳಪು ಬೇರೆ ಯಾರ ಕೈಯಿಂದಲೂ ಬರುವುದಿಲ್ಲ. ಅದೇ ಅವಳ ಸಿಟ್ಟನ್ನು ಇಮ್ಮಡಿ ಮಾಡಿತ್ತು.

"ಕೆಲಸ ಚೆನ್ನಾಗಿದೆ," ಎಂದಳು. "ಕೆಲಸದಲ್ಲಿ ತಪ್ಪಿಲ್ಲ. ಆದ್ರೆ ಆ ಗೀರು ನನಗೆ ಬೇಕಿತ್ತು. ಆ ಕೊಳಕು ಬಣ್ಣ ನನಗೆ ಬೇಕಿತ್ತು. ಅದಕ್ಕೇ ಅದನ್ನ ಕೊಂಡಿದ್ದು. ಹೊಳೆಯೋ ವಾಚು ಬೇಕಿದ್ರೆ ಹೊಸದೇ ತಗೊಳ್ತಿದ್ದೆ. ಯಾರೋ ಜೀವಮಾನವೆಲ್ಲಾ ಕಟ್ಟಿದ್ದ ಗುರುತು ಅದು, ನನಗೆ ಅದನ್ನ ನೋಡ್ತಾ ಕೂರೋದು ಇಷ್ಟ ಇತ್ತು. ಯಾಕೆ ಇಷ್ಟ ಅಂತ ನಿನಗೆ ಅರ್ಥ ಆಗಬೇಕಿಲ್ಲ. ಒಂದು ಮಾತು ಕೇಳಿದ್ರೆ ಸಾಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ!" ಎಂದ ಅಣ್ಣ, ಗೆದ್ದವನ ಹಾಗೆ.

"ಅದಕ್ಕೇ ಕೇಳಬೇಕಿತ್ತು!"

ಆ ಮಾತು ಗೋಡೆಗೆ ಬಡಿದು ಬಂದ ಹಾಗಾಯಿತು. ಈಗ ತಾನೇ ಆಡಿದ ಮಾತನ್ನು ಅಣ್ಣ ಮತ್ತೆ ಕೇಳಿಸಿಕೊಳ್ಳುತ್ತಿದ್ದಂತಿತ್ತು. ಅತ್ತಿಗೆ ಮೆಲ್ಲಗೆ, "ಹೋಗ್ಲಿ ಬಿಡು ಪುಟ್ಟೀ, ಹೊಟ್ಟೆಗೆ ಹಾಕ್ಕೋ. ನಿನ್ನ ಮೇಲಿನ ಅಕ್ಕರೆಗೆ ತಾನೇ..." ಎಂದಳು.

"ಎಷ್ಟು ಅಂತ ಹೊಟ್ಟೆಗೆ ಹಾಕ್ಕೊಳ್ಳಲಿ ಅತ್ತಿಗೆ? ಜಾಗ ಇಲ್ಲ."

ಅಣ್ಣ ಸ್ಟೂಲಿನ ಮೇಲೆ ಕುಸಿದ. ಮೊಣಕಾಲ ಮೇಲೆ ಕೈಯಿಟ್ಟುಕೊಂಡ. ಬೆರಳ ತುದಿಯ ಸುಟ್ಟ ಗುಳ್ಳೆಗಳನ್ನು ತಾನೇ ನೋಡಿಕೊಂಡ. "ಇನ್ನೊಂದು ಹುಡುಕಿಸ್ತೀನಿ," ಎಂದ. "ಅಂಥದ್ದೇ. ಅಷ್ಟೇ ಹಳೇದು. ನಾಲ್ಕು ಊರು ತಿರುಗಿಯಾದರೂ..."

"ಬೇಡ."

"ಆ ಡಯಲ್ ಬಣ್ಣಾನಾದ್ರೂ ತೆಗೆಸಿ..."

"ಬೇಡ."

"ಹಾಗಾದ್ರೆ ನಾನೇನ್ ಮಾಡ್ಲಿ ಹೇಳು!"

"ಏನೂ ಮಾಡಬೇಡ."

"ಏನೂ ಅಂದ್ರೆ?"

"ಏನೂ. ನನ್ನ ವಸ್ತು ತೆಗೀಬೇಡ, ರಿಪೇರಿ ಮಾಡಬೇಡ, ಚಂದ ಮಾಡಬೇಡ. ಹಾಳಾಗಿದ್ದು ಹಾಳಾಗೇ ಇರುತ್ತೆ. ನೀನು ಅದನ್ನ ನೋಡ್ಕೊಂಡು ಸುಮ್ನಿರು."

ಅವಳು ಗೋಡೆಯ ಬಳಿ ಹೋಗಿ ಸ್ವಿಚ್ ಹಾಕಿದಳು. ಚಕ್ರ ತಿರುಗಿತು. ಅಣ್ಣ ಕೂತಲ್ಲಿಂದ ಏಳಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಪುಟ್ಟಿಗೆ ಗೆದ್ದೆ ಎನ್ನಿಸಲಿಲ್ಲ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಅಷ್ಟು ಒರಟಾಗಿ ಹೇಳಬಾರದಿತ್ತೇನೋ, ಸುಟ್ಟ ಬೆರಳು ತೋರಿಸಿದಾಗಲಾದರೂ ಮೆತ್ತಗಾಗಬೇಕಿತ್ತೇನೋ ಎಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ಆ ಯೋಚನೆಯ ತುದಿಯಲ್ಲಿ ಪ್ರತಿಸಲವೂ ಆ ಬಿಳಿ ಡಯಲು ಬಂದು ನಿಲ್ಲುತ್ತಿತ್ತು, ಸಿಟ್ಟು ಮತ್ತೆ ಹೊತ್ತಿಕೊಳ್ಳುತ್ತಿತ್ತು. ವಾಚನ್ನು ಕಟ್ಟಿಕೊಳ್ಳಲು ಮನಸ್ಸಾಗಲಿಲ್ಲ. ಎಸೆಯಲೂ ಆಗಲಿಲ್ಲ, ವಾಚಿನ ಬೆನ್ನೊಳಗೆ ಆ ಅರ್ಧಚಂದ್ರ ಮೊದಲಿನಂತೆಯೇ ತೂಗುತ್ತಿತ್ತಲ್ಲ. ಗಾಜಿನ ಮೇಜಿನ ಮೇಲೆ ಇಟ್ಟಳು. ಕೈಯಿಲ್ಲದೆ ಅದು ನಿಂತುಹೋಯಿತು.

ಅತ್ತಿಗೆ ಚಹಾ ಕೊಡುವ ನೆಪದಲ್ಲಿ ಒಮ್ಮೆ ಬಂದು ಬಾಗಿಲಿಗೊರಗಿ ನಿಂತಳು. "ಅವರು ಸರಿಯಾಗಿ ಊಟ ಮಾಡ್ತಿಲ್ಲ ಕಣೇ. ನೀನು ಒಂದು ಸಲ ನಕ್ಕು ಮಾತಾಡಿಸಿದ್ರೆ..."

"ನಗು ಬಂದಾಗ ನಗ್ತೀನಿ ಅತ್ತಿಗೆ."

"ನೀನು ಇಷ್ಟು ಗಟ್ಟಿ ಅಂತ ನನಗೆ ಗೊತ್ತೇ ಇರಲಿಲ್ಲಮ್ಮಾ," ಎಂದಳು ಅತ್ತಿಗೆ. ಅದು ದೂರೋ ಮೆಚ್ಚಿಗೆಯೋ, ಅವಳಿಗೇ ತಿಳಿದಂತಿರಲಿಲ್ಲ. ಚಹಾ ಇಟ್ಟು ಹೋದಳು.

ಒಂದು ಸಂಜೆ ಪುಟ್ಟಿ ಕೋಣೆಯಲ್ಲಿ ಕೂತು ಫೋನಿನಲ್ಲಿ ಯಾರೋ ಮಾರಲಿಟ್ಟಿದ್ದ ಇನ್ನೊಂದು ಹಳೆಯ ವಾಚಿನ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. ಗಾಳಿಗೆ ಕಿಟಕಿಯ ಬಾಗಿಲು ದಡ್ ದಡ್ ಎಂದು ಬಡಿಯುತ್ತಿತ್ತು. ಅದರ ಚಿಲಕ ಸಡಿಲಾಗಿ ಹೋಗಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಅಣ್ಣನದು. ಯಾವಾಗಲೂ ನೇರವಾಗಿ ಒಳಗೆ ಬಂದುಬಿಡುವ ಹೆಜ್ಜೆ.

ಅದು ಬಾಗಿಲ ಆಚೆಗೇ ನಿಂತಿತು. ಬಾಗಿಲು ಅರ್ಧ ತೆರೆದೇ ಇತ್ತು. ಸಂದಿನಲ್ಲಿ ಅವನ ಭುಜ, ಕೈಯಲ್ಲಿ ತಿರುಪುಳಿ ಕಾಣಿಸುತ್ತಿತ್ತು. ಆದರೂ ಅವನು ಬಾಗಿಲು ತಟ್ಟಿದ.

"ಪುಟ್ಟೀ."

"ಹೂಂ."

"ಆ ಕಿಟಕಿ ಬಡ್ಕೊಳ್ತಿದೆ. ಕೆಳಗೆ ಕೇಳಿಸ್ತು." ತಿರುಪುಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. "ಸರಿ ಮಾಡ್ಲಾ?"

ಕಿಟಕಿ ಇನ್ನೊಮ್ಮೆ ಬಡಿಯಿತು. ಆ ಸದ್ದು ಅವಳ ತಲೆಗೂ ಬಡಿಯುತ್ತಿತ್ತು. ರಾತ್ರಿ ಅದರಿಂದ ನಿದ್ದೆ ಹತ್ತುವುದಿಲ್ಲ ಎಂಬುದೂ ಗೊತ್ತಿತ್ತು. ಹೂಂ ಎಂದರೆ ಎರಡು ನಿಮಿಷದ ಕೆಲಸ.

"ಬೇಡ," ಎಂದಳು.

ಸಂದಿನಲ್ಲಿ ತಿರುಪುಳಿ ಹಿಡಿದ ಕೈ ಬಿಗಿಯಿತು. ಈಗ ಒಳಗೆ ಬಂದೇಬಿಡುತ್ತಾನೆ ಎಂದುಕೊಂಡು ಅವಳು ಎದ್ದು ನಿಂತಳು.

"ಸರಿ," ಎಂದ ಅಣ್ಣ. ಆ ಒಂದು ಮಾತನ್ನು ಹೊರಗೆ ತರಲು ಅವನಿಗೆ ಬಹಳ ಕಷ್ಟವಾಗಿರಬೇಕು. ಅವನು ಮೆಟ್ಟಿಲಿಳಿಯತೊಡಗಿದ. ನಡುವೆ ಒಂದು ಮೆಟ್ಟಿಲ ಮೇಲೆ ನಿಂತ. ಕಿಟಕಿ ಮತ್ತೆ ಬಡಿಯಿತು. ಹಾಗೇ ಕೆಳಗೆ ಹೋದ.